ಗುರುವಾರದ ಫಲಿತಾಂಶ

ಮ್ಯಾಡಿಸನ್, ವಿಸ್ಕಾನ್ಸಿನ್
ಮಾರ್ಚ್ ೯

ವೆರೀನಾ ಅಕ್ಕನಿಗೆ, ಐದು ತಿಂಗಳ ಮೇಲೆ, ತಂಗಿ ಅನೆಲೀಯ ನಮಸ್ಕಾರ.

ಈ ಕಾಗದವನ್ನು ಹರಿದು ಹಾಕುವುದಾದರೆ ಪೂರ್ತಿ ಓದಿದ ಮೇಲೆ ಹರಿದು ಹಾಕು.

ಕಳೆದ ವಾರ ನಿನ್ನ ಮಗಳು ಟಿಲ್ಡಾ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಅಮ್ಮ ಈಗ ಮೊಮ್ಮಗಳಿಗೆ ಒಂದು ಬಿಸ್ಕತ್ತು ಕೂಡ ಕೈಯಾರೆ ಕೊಡಲ್ಲ. ಡಬ್ಬಿ ತೋರಿಸಿ, ನೀನೇ ತಗೋ ಅಂತಾಳೆ. ಅಜ್ಜಿಗೆ ನನ್ನ ಮೇಲೆ ಕೋಪಾನಾ ಅಂತ ಮಗು ಕೇಳುತ್ತೆ" ಎಂದಳು. ನೀನು ಡೇರಿ ಮುಚ್ಚಿದ್ದು, ಆಡುಗಳನ್ನೆಲ್ಲ ಮಾರಿದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ.

ಅಮ್ಮನನ್ನು ಮಣ್ಣು ಮಾಡಿದ ದಿನ ಚರ್ಚಿನ ಹೊರಗೆ ನೀನು ಕೂಗಾಡಿದೆ. "ನನ್ನ ಚೀಸ್‌ನಲ್ಲಿ ರೋಗ ಇದೆ ಅಂತ ಸರ್ಕಾರಕ್ಕೆ ಬರೆಯೋಕೆ ಒಂದು ದಿನಾನೂ ತಡೀಲಿಲ್ಲ ನೀನು! ಒಡಹುಟ್ಟಿದವಳಿಗೆ ಒಂದು ಫೋನ್ ಮಾಡೋಕಾಗ್ಲಿಲ್ವಾ?" ನಾನು ತಲೆ ತಗ್ಗಿಸಿ ನಿಂತೆ. ಎಲ್ಲರೂ ಅದನ್ನು ನನ್ನ ದೊಡ್ಡತನ ಎಂದುಕೊಂಡರು. ದೊಡ್ಡತನವಲ್ಲ, ಅಕ್ಕ. ನೀನು ಅಂದದ್ದು ತಪ್ಪಾಗಿತ್ತು, ತಿದ್ದುವ ಧೈರ್ಯ ನನಗಿರಲಿಲ್ಲ. ನಾನು ತಡೆದಿದ್ದೆ. ನಾಲ್ಕು ದಿನ ತಡೆದಿದ್ದೆ.

ನಮ್ಮ ಪ್ರಯೋಗಾಲಯಕ್ಕೆ ಬರುವ ಮಾದರಿಗಳಿಗೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಸೆಪ್ಟೆಂಬರ್‌ನಲ್ಲಿ ಇಬ್ಬರು ರೋಗಿಗಳ ರಕ್ತದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು, ತಿಂದ ಎಷ್ಟೋ ವಾರದ ಮೇಲೆ ಜ್ವರ ತಂದು ವಯಸ್ಸಾದವರ ಜೀವ ತೆಗೆಯುವಂಥದ್ದು. ಇನ್ಸ್‌ಪೆಕ್ಟರ್‌ಗಳು ಹತ್ತಾರು ಡೇರಿಗಳ ಚೀಸ್ ತಂದು ಸುರಿದರು. ಚೀಸ್‌ನಲ್ಲಿ ಅದೇ ಜಾತಿ ಬೆಳೆದರೆ ಅದರ ಡಿಎನ್‌ಎಯನ್ನು ಯಂತ್ರ ಓದುತ್ತದೆ, ಸುಮಾರು ಮೂವತ್ತು ಲಕ್ಷ ಅಕ್ಷರ. ಕಂಪ್ಯೂಟರ್ ಅದನ್ನು ರೋಗಿಯದರ ಪಕ್ಕದಲ್ಲಿಟ್ಟು ಹೋಲಿಸುತ್ತದೆ. ಗುರುವಾರ ಮಧ್ಯಾಹ್ನ ಒಂದು ಚೀಸ್ ಇಬ್ಬರಿಗೂ ತಾಳೆಯಾಯಿತು. ಮೂವತ್ತು ಲಕ್ಷದಲ್ಲಿ ಎರಡೇ ಅಕ್ಷರ ವ್ಯತ್ಯಾಸ. ನಂಬರಿನ ಎದುರು ಇನ್ಸ್‌ಪೆಕ್ಟರ್ ಬರೆದಿದ್ದ: ಆಡಿನ ಹಾಲಿನ ಮೆದು ಚೀಸ್, ಮೇಲೆ ಸೇಬಿನ ಕಟ್ಟಿಗೆಯ ಬೂದಿ. ಸೇಬಿನ ಕಟ್ಟಿಗೆ ಸುಟ್ಟು ಚೀಸ್‌ಗೆ ಬೂದಿ ಬಳಿಯುವವರು ನಮ್ಮ ರಾಜ್ಯದಲ್ಲಿ ನಿನ್ನ ಬಿಟ್ಟು ಇನ್ಯಾರಿದ್ದಾರೆ? ಆ ಬೂದಿಯನ್ನು ಜರಡಿ ಹಿಡಿದು ಹಿಡಿದು ನಾನೂ ಬೆಳೆದವಳೇ.

ಪ್ರತಿ ಸಲವೂ ಮಾದರಿಗಳ ಜೊತೆ ಬರೀ ನೀರಿನ ಒಂದು ಕೊಳವೆಯನ್ನೂ ಯಂತ್ರಕ್ಕೆ ಹಾಕುತ್ತೇವೆ. ಅದರಲ್ಲಿ ಏನೂ ಕಾಣಬಾರದು. ಕಂಡರೆ ನಮ್ಮ ಕೈಯಲ್ಲೇ ಒಂದರದ್ದು ಇನ್ನೊಂದಕ್ಕೆ ಬೆರೆತಿದೆ ಎಂದರ್ಥ. ಆ ದಿನ ನೀರಿನಲ್ಲಿ ಚೂರುಪಾರು ಅಕ್ಷರಗಳು ಕಂಡವು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದ ಮೇಜಿನ ಡೋರಿಯನ್ ನಕ್ಕ. "ಇಷ್ಟು ಕಸ ಯಾವಾಗ್ಲೂ ಇರುತ್ತೆ ಕಣೇ. ಇನ್ನು ಹತ್ತು ಸಲ ಮಾಡಿದ್ರೂ ಉತ್ತರ ಇದೇ. ವರದಿ ಕಳಿಸಿ ಮನೆಗೆ ಹೋಗು" ಎಂದ. ನಾನು ಕಳಿಸಲಿಲ್ಲ. ಅನುಮಾನವಿದ್ದರೆ ಮತ್ತೆ ಮಾಡಬಹುದು ಎಂಬ ನಿಯಮವಿದೆ. ಮೊದಲಿನಿಂದ ಶುರು ಮಾಡಿದೆ. ಸೋಮವಾರ ಸಂಜೆ ಅದೇ ಉತ್ತರ ಬಂದಾಗ ಸಹಿ ಹಾಕಿದೆ. ಮಂಗಳವಾರ ಬೆಳಗ್ಗೆ ನಿನ್ನ ಡೇರಿಗೆ ಬೀಗ ಬಿತ್ತು.

ನಡುವೆ ಒಂದು ಭಾನುವಾರ ಇತ್ತು.

"ಬೀಗ ಬೀಳೋ ಮುಂಚಿನ ಶನಿವಾರ ಅಮ್ಮನಿಗೆ ಆ ಚೀಸ್ ನಾನೇ ಕೊಟ್ಟು ಬಂದೆ, ಈ ಕೈಯಿಂದಲೇ" ಎಂದು ಅವತ್ತು ಚರ್ಚಿನ ಹೊರಗೆ ಎಲ್ಲರೆದುರು ಎದೆ ಬಡಿದುಕೊಂಡು ಅತ್ತೆಯಲ್ಲ, ನಿನಗೆ ಶನಿವಾರ ಏನೂ ಗೊತ್ತಿರಲಿಲ್ಲ. ನನಗೆ ಗುರುವಾರವೇ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ನಾನು ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಆಲೂಗಡ್ಡೆಯ ರೋಸ್ತಿ, ಪಕ್ಕದಲ್ಲಿ ನಿನ್ನ ಚೀಸ್. ಅಮ್ಮ ದಪ್ಪಗೆ ಕೊಯ್ದು ನನಗೊಂದು, ತನಗೊಂದು ಬಡಿಸಿದಳು. ನಾನು ಮುಟ್ಟದ್ದನ್ನು ನೋಡಿ, "ಅಕ್ಕ ಮಾಡಿದ್ದು ಅಂದ್ರೆ ಸಸಾರ ಅಲ್ವಾ ನಿಂಗೆ? ದಿನಾ ಹುಳ ನೋಡೀ ನೋಡೀ ನಾಲಿಗೆ ಕೆಟ್ಟಿದೆ. ತಿನ್ನೇ" ಎಂದು ಗದರಿದಳು.

ತಿನ್ನಬೇಡ ಅಮ್ಮ. ಎರಡೇ ಮಾತು. ಹೇಳಿದ್ದರೆ ಅಮ್ಮ ಆಗಲೇ ನಿನಗೆ ಫೋನ್ ಮಾಡುತ್ತಿದ್ದಳು. ವರದಿಗೆ ಮೊದಲೇ ಬಾಯಿ ಬಿಟ್ಟಿದ್ದಕ್ಕೆ ನನ್ನ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ನೀರಿನಲ್ಲಿ ಕಂಡದ್ದೇ ಸರಿ, ಎಲ್ಲೋ ಬೆರಕೆಯಾಗಿದೆ, ನಿನ್ನ ಚೀಸ್‌ನಲ್ಲಿ ಏನೂ ಇಲ್ಲ ಎಂದು ಆ ಗಳಿಗೆಯಲ್ಲಿ ಮನಸಾರೆ ನಂಬಿದ್ದೆ. ಇದನ್ನಾದರೂ ನೀನು ನಂಬಬೇಕು.

ಮೂರು ವಾರದ ಮೇಲೆ ಅಮ್ಮನಿಗೆ ಜ್ವರ ಬಂತು. ಅವಳ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವೂ ನಮ್ಮಲ್ಲಿಗೇ ಬಂತು, ಹೆಸರಿಲ್ಲದೆ, ಎಂಬತ್ತೊಂದು ವರ್ಷದ ಹೆಂಗಸು ಎಂದು. ಓದಿದವಳೂ ನಾನೇ. ಆ ಸಲ ನೀರಿನಲ್ಲಿ ಏನೂ ಇರಲಿಲ್ಲ.

ನಿನ್ನೆ ಮೇಲಧಿಕಾರಿಗೆ ಗುರುವಾರದ ಫಲಿತಾಂಶದ ವಿಷಯವನ್ನೆಲ್ಲ ಬರೆದುಕೊಟ್ಟೆ. ಅವರು ಏನು ಮಾಡುತ್ತಾರೋ ಮಾಡಲಿ. ಕ್ಷಮಿಸು ಎಂದು ನಿನ್ನನ್ನು ಕೇಳಲಾರೆ. ಮೊಮ್ಮಗಳಿಗೆ ನಿನ್ನ ಕೈಯಾರೆ ಬಿಸ್ಕತ್ತು ಕೊಡು ಅಕ್ಕ, ಅಷ್ಟು ಸಾಕು.

ಇಂತಿ,
ನಿನ್ನ ಜೊತೆ ಹುಟ್ಟಿದ
ಅನೆಲೀ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಭಾನುವಾರ ಅಮ್ಮ ಕಾಫಿ ತರಲು ಎದ್ದು ಹೋದಾಗ, ನನ್ನ ತಟ್ಟೆಯ ಚೀಸನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ, ಸೋಮವಾರ ಪರೀಕ್ಷೆಗೆ ಹಾಕಲು. ಏನೂ ಇಲ್ಲವೆಂದು ನಂಬಿದವಳು ಹಾಗೆ ಮಾಡುವುದಿಲ್ಲ. ಅಮ್ಮನ ತಟ್ಟೆಯಲ್ಲಿ ಇನ್ನೂ ಅರ್ಧ ಚೂರು ಉಳಿದಿತ್ತು. ಅದನ್ನು ಅಲ್ಲೇ ಬಿಟ್ಟೆ.