ಅಳುವ ಪಾಲಿನವಳು

ಬರ್ಬ್ಯಾಂಕ್, ಮೇ ೯

ನಿರ್ದೇಶಕ ಹಾಸ್ಕಿನ್ಸ್ ಅವರಿಗೆ,

ಮಾನ್ಯರೇ ಎಂದು ಬರೆಯಲು ಮನಸ್ಸು ಬರಲಿಲ್ಲ. ನನ್ನ ಒಡಹುಟ್ಟಿದವಳು ಡಾರ್ಲಾ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಧಾರಾವಾಹಿಯ ಮೂವತ್ತನೇ ವರ್ಷದ ಸಮಾರಂಭಕ್ಕೆ ಕರೆದು ಫೋನಿನಲ್ಲಿ ಏನೆಂದಿರಿ? "ಜನಕ್ಕೆ ಪುಟ್ಟ ಟಿಲ್ಲಿ ಒಬ್ಬಳೇ ಅಲ್ವೇನಮ್ಮ, ನೀನು ಬಂದ್ರೆ ಸಾಕು. ವೇದಿಕೆ ಮೇಲೆ ಒಂದೆರಡು ಹನಿ ಕಣ್ಣೀರು ಹಾಕ್ಬಿಡು." ಎಲುಬಿಲ್ಲದ ನಾಲಿಗೆ ನಿಮ್ಮದು.

ಮಕ್ಕಳನ್ನು ದಿನಕ್ಕೆ ಇಷ್ಟೇ ಹೊತ್ತು ದುಡಿಸಬೇಕೆಂಬ ಕಾನೂನಿಗಾಗಿ ಅವಳಿಗಳಾದ ನಮ್ಮಿಬ್ಬರನ್ನೂ ಟಿಲ್ಲಿ ಎಂಬ ಒಂದೇ ಪಾತ್ರಕ್ಕೆ ಹಾಕಿಕೊಂಡಿರಿ. ತೆರೆಯ ಮೇಲೆ ಮಾತ್ರ ನನ್ನೊಬ್ಬಳ ಹೆಸರು. ನಗುವ ದೃಶ್ಯಕ್ಕೆ ನಾನು. ಅಳುವ ದೃಶ್ಯ ಬಂದಾಗಲೆಲ್ಲ ನನ್ನನ್ನು ಮೇಕಪ್ ಕೋಣೆಯಲ್ಲಿ ಕೂಡಿಹಾಕಿ, "ಕೊರಿನ್ ಕಾರಿಗೆ ಸಿಕ್ಕಿ ಸತ್ತೋದ್ಲು" ಎಂದು ಡಾರ್ಲಾಳಿಗೆ ಹೇಳುತ್ತಿದ್ದಿರಿ. ಐದು ವರ್ಷದ ಮಗು, ಪ್ರತಿ ಸಲವೂ ನಂಬುತ್ತಿತ್ತು. ಕ್ಯಾಮೆರಾ ನಿಂತ ಕೂಡಲೇ ಓಡಿಬಂದು ನನ್ನ ಕೈಕಾಲು ಮುಟ್ಟಿ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ, ಕೊನೆಯ ದಿನವೂ ಹಾಗೆಯೇ ಮುಟ್ಟಿ ನೋಡಿದಳು.

ಸಮಾರಂಭಕ್ಕೆ ಬರುತ್ತೇನೆ. ತೆರೆಯ ಮೇಲೆ ಇಬ್ಬರ ಹೆಸರನ್ನೂ ಹಾಕಿಸಿ, ಅವಳದು ಮೊದಲು. ಕಣ್ಣೀರು ಮಾತ್ರ ಕೇಳಬೇಡಿ. ನಿಮ್ಮ ಟಿಲ್ಲಿಯಾಗಿ ಅಳುತ್ತಿದ್ದವಳನ್ನು ಮಣ್ಣು ಮಾಡಿ ಬಂದಿದ್ದೇನೆ.

ಇಂತಿ,
ನಗುವ ಪಾಲಿನವಳು,
ಕೊರಿನ್ ಪ್ರುಯಿಟ್