ನಮ್ಮ ಮಾವನನ್ನು ಗೋಡೆಯಲ್ಲೇ ಬಿಡಿ

ಪೊಲೀಸ್ ಗೌರವ ಸ್ಮಶಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನಗೆ ಮದುವೆಯಾಗಿ ಇಪ್ಪತ್ತಾರು ದಿನ. ಇಷ್ಟರಲ್ಲಿ ನಮ್ಮ ಮನೆಗೆ ಎರಡು ಇಸ್ತ್ರಿಪೆಟ್ಟಿಗೆ, ಮೂರು ಕಂಬಳಿ, ಒಂದು ಗಡಿಯಾರ ಉಡುಗೊರೆಯಾಗಿ ಬಂದಿವೆ. ನಿಮ್ಮ ಕಡೆಯಿಂದ ಬಂದಿರುವುದು ನನ್ನ ಮಾವನ ಮೂಳೆಗಳನ್ನು ಇದ್ದಲ್ಲಿಂದ ತೆಗೆದು ನಿಮ್ಮ ಹೊಸ ಸ್ಮಶಾನದಲ್ಲಿ ಹೂಳಲು ಒಪ್ಪಿಗೆ ಕೇಳುವ ಫಾರಂ. ಉಳಿದವರಿಗೆಲ್ಲ ಧನ್ಯವಾದದ ಚೀಟಿ ಬರೆದಾಯಿತು. ನಿಮ್ಮ ಉಡುಗೊರೆಗೆ ಚೀಟಿ ಸಾಲದು ಅನ್ನಿಸಿ ಪತ್ರಿಕೆಗೇ ಬರೆಯುತ್ತಿದ್ದೇನೆ.

ಲಾ ಪಾಜ್ ಪಕ್ಕದ ಎಲ್ ಆಲ್ಟೋ ಊರಿನ ಆಚೆ ಗುಡ್ಡದ ಮೇಲೆ ನೀವು ಕಟ್ಟಿಸಿರುವ ಸ್ಮಶಾನವನ್ನು ನೋಡಿ ಬಂದೆ. ನಿಜಕ್ಕೂ ಸೊಗಸಾಗಿದೆ. ಬಿಳಿ ಕಲ್ಲು, ನೇರ ಸಾಲು, ಪ್ರತಿ ಸಮಾಧಿಗೂ ಒಂದು ಆರದ ದೀಪ. ನನ್ನ ಗಂಡ ಕಾರ್ಪೊರಲ್ ಲಿಂಬರ್ ಚುಕಿಮಿಯಾ ಕೆಲಸ ಮಾಡುವ ಠಾಣೆಯಲ್ಲಿ ಇಬ್ಬರಿಗೆ ಒಂದು ಟಾರ್ಚು, ನಾಲ್ವರಿಗೆ ಒಂದು ಗುಂಡುನಿರೋಧಕ ಕವಚ. ಅದನ್ನು ಹಾಕಿಕೊಳ್ಳುವ ಸರದಿ ಅವನಿಗೆ ಗುರುವಾರ ಬರುತ್ತದೆ. ಹಾಗಾಗಿ ವಾರದ ಉಳಿದ ದಿನ ಯಾರೂ ಅವನ ಮೇಲೆ ಗುಂಡು ಹಾರಿಸದಿರಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ಸತ್ತವರಿಗೆ ತಲೆಗೊಂದು ದೀಪ ಕೊಡುವ ಇಲಾಖೆ ಬದುಕಿರುವವರಿಗೂ ತಲೆಗೊಂದು ಕೊಟ್ಟರೆ ನಿಮ್ಮ ಗುಡ್ಡ ಇನ್ನಷ್ಟು ನಿಧಾನವಾಗಿ ತುಂಬುತ್ತಿತ್ತು, ಅಲ್ಲವೇ?

ಆದರೆ ನಿಮ್ಮ ಕಷ್ಟವೇ ಅದು. ನಲವತ್ತೆಂಟು ಸಮಾಧಿ ಸಿದ್ಧವಾಗಿವೆ, ಮುಂದಿನ ತಿಂಗಳು ಉದ್ಘಾಟನೆ, ಒಳಗೆ ಯಾರೂ ಇಲ್ಲ. ಖಾಲಿ ಸ್ಮಶಾನದ ಮುಂದೆ ನಿಂತು ಮಂತ್ರಿಗಳು ಯಾರಿಗೆ ಸೆಲ್ಯೂಟ್ ಹೊಡೆಯಬೇಕು? ಆದ್ದರಿಂದ ನೀವು ಹಳೆಯ ದಫ್ತರ ತೆಗೆದು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಸಾರ್ಜೆಂಟ್ ಫೊರ್ತುನಾತೊ ಚುಕಿಮಿಯಾ ಅವರನ್ನು ಹುಡುಕಿದಿರಿ. 'ಶಸ್ತ್ರಧಾರಿ ದರೋಡೆಕೋರರನ್ನು ಬೆನ್ನಟ್ಟುವಾಗ ವೀರಮರಣ' ಎಂದು ಫಾರಂನ ಮೇಲ್ಗಡೆ ಅಚ್ಚು ಹಾಕಿಸಿದ್ದೀರಿ.

ನಮ್ಮ ಅತ್ತೆ ದೊನ್ಯಾ ಕಸಿಮಿರಾ ಅವರಿಗೆ ಅದನ್ನು ಓದಿ ಹೇಳಿದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವರು ಚಾಕು ಕೆಳಗಿಟ್ಟರು.

"ಬೆನ್ನಟ್ಟಿದ್ರಾ? ನಿಮ್ಮಾವನಾ?" ಅಂದರು. "ಬಸ್ಸು ಹೊರಟ್ರೂ ಓಡಿದ ಜೀವ ಅಲ್ಲಮ್ಮ ಅದು. ಮದುವೆ ದಿನ ಚರ್ಚಿಗೇ ಮುಕ್ಕಾಲು ಗಂಟೆ ತಡ."

ಮಾವ ಇಲಾಖೆಯ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದರು. ಮೆರವಣಿಗೆಯ ತಾಲೀಮಿನಲ್ಲಿ, ಡೋಲು ಹೊಟ್ಟೆಗೆ ಕಟ್ಟಿಕೊಂಡೇ, ಎದೆ ಹಿಡಿದು ಕುಳಿತರು. ಅಷ್ಟೇ. ಇಪ್ಪತ್ತೇಳು ವರ್ಷ ಒಂದು ಪೆಟ್ಟೂ ತಾಳ ತಪ್ಪದ ಮನುಷ್ಯನಿಗೆ ಅಷ್ಟು ಗೌರವ ಸಾಲದೇ? ದರೋಡೆಕೋರರು ಯಾಕೆ ಬೇಕು?

ಮಾವ ಈಗ ಇರುವುದು ಲಾ ಪಾಜ್‌ನ ಸಾರ್ವಜನಿಕ ಸ್ಮಶಾನದಲ್ಲಿ, ಸತ್ತವರನ್ನು ಒಬ್ಬರ ಮೇಲೊಬ್ಬರಂತೆ ಇಡುವ ಗೋಡೆಯ ನಾಲ್ಕನೇ ಸಾಲಿನ ಗೂಡಿನಲ್ಲಿ. ಅತ್ತೆ ಪ್ರತಿ ಸೋಮವಾರ ಏಣಿ ಹತ್ತಿ, ಗಾಜಿನ ಬಾಗಿಲು ತೆಗೆದು, ಹೂ ಬದಲಾಯಿಸುತ್ತಾರೆ. ಒಳಗೆ ಅವರ ಫೋಟೋ, ಬೆರಳುದ್ದದ ಬಿಯರ್ ಬಾಟಲಿ, ಅಂಗಿಯ ಗುಂಡಿಯಷ್ಟೇ ಗಾತ್ರದ ಬ್ರೆಡ್ಡು, ಒಂದು ಆಟಿಕೆ ಡೋಲು. ಪಕ್ಕದ ಗೂಡು ಅತ್ತೆಯದು. ಸದ್ಯಕ್ಕೆ ಅದರಲ್ಲಿ ನೀರಿನ ಡಬ್ಬಿ, ಪೊರಕೆ, ಒರೆಸುವ ಬಟ್ಟೆ ಇವೆ. ಕಾವಲುಗಾರ ಆಕ್ಷೇಪಿಸಿದ್ದಕ್ಕೆ, "ನಾನು ಬರೋವರೆಗೆ ನನ್ನ ಮನೇಲಿ ಏನ್ ಬೇಕಾದ್ರೂ ಇಡ್ತೀನಿ, ನಿಂಗೇನಪ್ಪ?" ಅಂದರಂತೆ.

ಮದುವೆಯ ಮರುದಿನ ಕೂದಲಲ್ಲಿ ಬಣ್ಣದ ಕಾಗದದ ಚೂರುಗಳು ಇನ್ನೂ ಅಂಟಿಕೊಂಡಿರುವಾಗಲೇ ನನ್ನನ್ನೂ ಆ ಏಣಿ ಹತ್ತಿಸಿದರು. ಕೆಳಗೆ ಲಿಂಬರ್ ಏಣಿ ಹಿಡಿದು ನಗುತ್ತಿದ್ದ. (ಟೋಪಿ ತೆಗೆದಾಗ ಅವನ ಹಣೆಯ ಮೇಲೆ ಉಳಿಯುವ ಕೆಂಪು ಗೆರೆ ಎಷ್ಟು ಚೆಂದವೆಂದು ಬರೆಯಲು ಹೊರಟರೆ ಸಂಪಾದಕರು ಪುಟ ಸಾಲದು ಎನ್ನುತ್ತಾರೆ.) ಅತ್ತೆ ಗಾಜಿಗೆ ಬಾಯಿ ಹತ್ತಿರ ತಂದು ಪರಿಚಯ ಮಾಡಿಸಿದರು: "ನೋಡಿ, ಸೊಸೆ ಬಂದ್ಲು. ಇಂಗ್ಲಿಷ್ ಸ್ಕೂಲಲ್ಲಿ ಓದಿದೋಳು. ಅನ್ನ ಸೀಸ್ತಾಳೆ. ನಗ್ತಾಳೆ ಮಾತ್ರ ಚೆನ್ನಾಗಿ."

ಇಂಗ್ಲಿಷ್ ಶಾಲೆಯಲ್ಲಿ ನನಗೆ ಕಲಿಸಿದ ಒಂದೇ ಉಪಯುಕ್ತ ವಿದ್ಯೆ ಎಂದರೆ ಸಣ್ಣ ಅಕ್ಷರಗಳನ್ನು ಓದುವುದು. ನಿಮ್ಮ ಫಾರಂನ ಹಿಂಭಾಗ ಓದಿದೆ. ನಿಯಮ ಒಂಬತ್ತು: ಸಮವಸ್ತ್ರ ತೊಟ್ಟವರಿಗೆ ಮಾತ್ರ ಜಾಗ, ಹೆಂಡತಿಗೆ ಇಲ್ಲ. ನಿಯಮ ಹನ್ನೆರಡು: ವರ್ಷಕ್ಕೆ ಎರಡು ದಿನ, ಪಾಸ್ ಇದ್ದವರಿಗೆ ಪ್ರವೇಶ. ನಿಯಮ ಹದಿಮೂರು: ತಿಂಡಿ, ಪಾನೀಯ, ಸಂಗೀತ ನಿಷಿದ್ಧ. ಡೋಲಿನವರನ್ನು ಸನ್ಮಾನಿಸುವ ಜಾಗದಲ್ಲಿ ಸಂಗೀತ ನಿಷಿದ್ಧ. ಇದನ್ನು ಬರೆದವರು ನಗದೆ ಬರೆದರೇ?

ಸಹಿ ಹಾಕಬೇಕಾದವರು ಯಾರು? ಐವತ್ತೆರಡು ವಾರ ಏಣಿ ಹತ್ತುವ ಹೆಂಡತಿಯಲ್ಲ. 'ಸೇವೆಯಲ್ಲಿರುವ ಪುತ್ರ.' ಅಂದರೆ ನಿಮಗೆ ಸೆಲ್ಯೂಟ್ ಹೊಡೆಯಲೇಬೇಕಾದ ನನ್ನ ಗಂಡ. ಫಾರಂ ತಂದ ಲೆಫ್ಟಿನೆಂಟ್ ಸಾಹೇಬರು ನಮ್ಮ ಚಹಾ ಕುಡಿದು ಬಹಳ ಮೃದುವಾಗಿ ಹೇಳಿದರು: "ಇದು ಆರ್ಡರ್ ಅಲ್ಲಪ್ಪ ಕಾರ್ಪೊರಲ್, ವಿನಂತಿ. ಚಿಲಿ ಗಡಿ ಠಾಣೇಲಿ ಒಂದು ಜಾಗ ಖಾಲಿ ಇದೆ ಅಂತಾನೂ ಸುಮ್ನೆ ಹೇಳ್ದೆ."

ಅವರು ಹೋದ ಮೇಲೆ ಲಿಂಬರ್ ಮೂರು ದಿನ ಫಾರಂ ಅನ್ನು ಟೋಪಿಯೊಳಗೆ ಮಡಚಿಟ್ಟುಕೊಂಡೇ ಠಾಣೆಗೆ ಹೋಗಿ ಬಂದ. ನಾಲ್ಕನೇ ದಿನ ಅತ್ತೆಯೇ ಪೆನ್ನು ತಂದು ಅವನ ಮುಂದಿಟ್ಟರು.

"ಹಾಕೋ ಮಗನೇ. ಹೊಸ ಹೆಂಡ್ತಿನ ಬಿಟ್ಟು ಗಡೀಲಿ ಯಾಕೆ ಸಾಯ್ತೀಯ? ನಿಮ್ಮಪ್ಪ ಹೆಂಗೂ ತಡ ಮಾಡೋರು. ಆ ಗೂಡಲ್ಲಿ ನಾನು ಒಬ್ಬಳೇ ಇದ್ದು ಕಾಯ್ತೀನಿ, ಅಭ್ಯಾಸ ಇದೆ."

"ಅಮ್ಮಾ, ನಿಂಗೆ ಇಷ್ಟ ಇದ್ಯಾ?"

"ನನ್ನ ಯಾರ್ ಕೇಳಿದ್ರು?"

ಅಧ್ಯಕ್ಷರೇ, ಅದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರನ್ನು ಯಾರು ಕೇಳಿದರು? ನನ್ನ ಗಂಡ ಸಹಿಯ ಜಾಗದಲ್ಲಿ ಒಂದೇ ಸಾಲು ಬರೆದು ನಿನ್ನೆ ಫಾರಂ ನಿಮ್ಮ ಕಚೇರಿಗೆ ತಲುಪಿಸಿದ್ದಾನೆ: 'ನನ್ನ ತಾಯಿಯನ್ನು ಕೇಳಿ.' ಅವನು ಇಷ್ಟು ಉದ್ದದ ಪತ್ರ ಬರೆಯುವವನಲ್ಲ, ಅದಕ್ಕೆ ನಾನಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ವಿಧವೆಯ ಸಹಿ ಇಲ್ಲದೆ ಯಾವ ಸಮಾಧಿಯನ್ನೂ ಮುಟ್ಟಕೂಡದೆಂದು ನಿಯಮ ಮಾಡಿ, ಸಾರ್ಜೆಂಟ್ ಚುಕಿಮಿಯಾ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ. ಇಲ್ಲವೆಂದರೆ ಲಿಂಬರ್‌ನನ್ನು ಗಡಿಗೆ ವರ್ಗ ಮಾಡಿ. ನಾನು ಎರಡು ಕಂಬಳಿ ಕಟ್ಟಿಟ್ಟಿದ್ದೇನೆ, ಜೊತೆಗೇ ಹೊರಡುತ್ತೇನೆ. ಮೂರನೆಯದು ಅತ್ತೆಗೆ, ಅವರು ಬರುವುದಿಲ್ಲವಂತೆ, ಸೋಮವಾರ ಕೆಲಸವಿದೆಯಂತೆ.

ಇಂತಿ,
ಸದ್ಯಕ್ಕೆ ಗಂಡನ ಪಕ್ಕದಲ್ಲೇ ಇರುವ,
ನಿಯಮ ಒಂಬತ್ತರ ಪ್ರಕಾರ ಮುಂದೆ ಅವನಿಗೆ ಯಾರೂ ಅಲ್ಲದ,
ಮಿಕಾಯೆಲಾ