ಎಂಟು ಗುಂಡಿಗಳನ್ನು ನೇರ ಮಾಡಿಸಿದವರಿಗೆ

ಮಾನ್ಯ ಮುಖ್ಯ ಪರಿವೀಕ್ಷಕರೇ,

ನಮ್ಮ ಆಂಬ್ಯುಲೆನ್ಸ್ ರೇಡಿಯೋ ಕೇಂದ್ರದ ಎಂಟು ತಿರುಗುವ ಗುಂಡಿಗಳನ್ನು ತಾವು ನೇರ ಮಾಡಿಸಿದಿರಿ. ಅಂದಿನಿಂದ ಟ್ರಾನ್ಸ್‌ಮಿಟರ್ ಐದು ಸಲ ಬಾಯಿ ಮುಚ್ಚಿದೆ. ಮೂರು ಬಾರಿ ಬರೆದೆ, 'ಪರಿಶೀಲನೆಯಲ್ಲಿದೆ' ಎಂದಿರಿ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ತಪಾಸಣೆಯ ದಿನ ತಾವು ಕೇಳಿದ್ದು ನೆನಪಿದೆಯೇ? "ಏನ್ರೀ ಇದು, ಒಂದೊಂದು ಒಂದೊಂದು ದಿಕ್ಕಿಗೆ? ಶಿಸ್ತು ಬೇಡ್ವಾ?" ಆ ಸೊಟ್ಟತನಕ್ಕಾಗಿ ನಮ್ಮ ಹಿರಿಯ ಮೆಕ್ಯಾನಿಕ್ ಒಂದು ವಾರ ಒದ್ದಾಡಿದ್ದರು. ಹೆಂಡತಿಯ ಉಗುರುಬಣ್ಣ ತಂದು ಪ್ರತಿ ಗುಂಡಿಯ ಜಾಗಕ್ಕೂ ಗುರುತು ಹಾಕಿದ್ದರು. ಎಂಟು ಚಾನೆಲ್‌ಗಳು ಹೊರಡುವುದು ಒಂದೇ ಆಂಪ್ಲಿಫೈಯರಿನಿಂದ. ಎಂಟರ ಅಲೆಗಳೂ ಒಂದೇ ಕ್ಷಣಕ್ಕೆ ತುದಿಗೇರಿದರೆ ಅದು ತಾಳಲಾರದು. ಸುಟ್ಟುಹೋಗುವ ಬದಲು ತಾನೇ ಆರಿಹೋಗುತ್ತದೆ. ಎಂಟು ಜನ ಒಂದೇ ಬಾಗಿಲಿಗೆ ಒಟ್ಟಿಗೆ ನುಗ್ಗಿದ ಹಾಗೆ. ಗುಂಡಿಗಳು ಒಂದೊಂದು ಅಲೆಯನ್ನೂ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುತ್ತಿದ್ದವು. ಮಾತು ಮೊದಲಿನಷ್ಟೇ ಸ್ಪಷ್ಟ, ಅದು ತಲುಪುವ ದೂರವೂ ಮೊದಲಿನಷ್ಟೇ. ತುದಿಯ ಹೊರೆ ಮಾತ್ರ ಅರ್ಧಕ್ಕಿಳಿದಿತ್ತು. ತಾವು ಎಲ್ಲವನ್ನೂ ಸೊನ್ನೆಗೆ ತಿರುಗಿಸಿ, ಮೇಲೆ ಅರಗಿನ ಮುದ್ರೆ ಒತ್ತಿಸಿದಿರಿ. ನೋಡಲು ಬಹಳ ಚೆನ್ನಾಗಿದೆ. ಫೋಟೋವನ್ನೂ ತೆಗೆಸಿಕೊಂಡಿರಿ, ಅಲ್ಲವೇ?

ಕಳೆದ ಮಂಗಳವಾರ ಮಧ್ಯಾಹ್ನ ಎಂಟೂ ಚಾನೆಲ್‌ಗಳಲ್ಲಿ ಮಾತು ನಡೆದಿತ್ತು. ಕೆಂಪು ದೀಪ ಹತ್ತಿತು. ಒಮ್ಮೆ ಆರಿದ ಆಂಪ್ಲಿಫೈಯರ್ ಮತ್ತೆ ಏಳಲು ನಾಲ್ಕು ನಿಮಿಷ ಬೇಕು. ರಿಸೀವರ್ ಬೇರೆಯದಾದ್ದರಿಂದ ಗಾಡಿಗಳ ದನಿ ನಮಗೆ ಕೇಳುತ್ತಲೇ ಇರುತ್ತದೆ. ನಮ್ಮದು ಅವರಿಗೆ ಕೇಳುವುದಿಲ್ಲ. ನಾಲ್ಕನೇ ಗಾಡಿ ಓಡಿಸುವವಳು ನನ್ನ ತಂಗಿ. ಗಾಡಿಯ ಹಿಂಬದಿಯಲ್ಲಿ ಎದೆನೋವಿನ ಮರಗೆಲಸದವರೊಬ್ಬರನ್ನು ಮಲಗಿಸಿಕೊಂಡು, ಯಾವ ಆಸ್ಪತ್ರೆಯಲ್ಲಿ ಹೃದಯದ ವೈದ್ಯರಿದ್ದಾರೆಂದು ತಿಳಿಯದೆ ಅವಳು ಕವಲುದಾರಿಯಲ್ಲಿ ನಿಂತಿದ್ದಳು.

"ಅಣ್ಣಾ, ಎಡಕ್ಕಾ ಬಲಕ್ಕಾ? ಬೇಗ ಹೇಳೋ!"

"ಎಡಕ್ಕೆ ಕಣೇ, ಎಡಕ್ಕೆ!" ಸತ್ತ ಮೈಕಿಗೆ ಗಂಟಲು ಹರಿಯುವಂತೆ ಕೂಗಿದೆ. ಅವಳು ಬಲಕ್ಕೆ ತಿರುಗಿಸಿದಳು. ಆ ಮನುಷ್ಯ ಬಲಗಡೆಯ ಆಸ್ಪತ್ರೆಯ ಗೇಟಿನಲ್ಲೇ ತೀರಿಕೊಂಡರು.

ಸಂಜೆ ಅವಳು ಕೇಳಿದಳು, "ನಾನು ಕೂಗಿದ್ದು ನಿಂಗೆ ಕೇಳಿಸ್ತಾ?" "ಇಲ್ಲ" ಎಂದೆ. ಇದನ್ನು ಓದಿದರೆ ಅದು ಸುಳ್ಳೆಂದು ಅವಳಿಗೆ ತಿಳಿಯುತ್ತದೆ. ತಿಳಿಯಲಿ. ಕೆಲಸ ಹೋದೀತೆಂಬ ಭಯಕ್ಕೆ ಅಷ್ಟು ದಿನ ಅರಗು ಒಡೆಯದೆ ಬಿಟ್ಟಿದ್ದೆ. ಈ ಸಾವಿನಲ್ಲಿ ನನ್ನ ಪಾಲೂ ಇದೆ.

ಇನ್ನೂ ದೊಡ್ಡ ಆಂಪ್ಲಿಫೈಯರಿಗೆ ಪ್ರಸ್ತಾವ ಕಳಿಸಿದ್ದೀರಂತೆ. ಅದು ಬರುವಾಗ ಬರಲಿ. ನನಗೆ ಬೇಕಿರುವುದು ಒಂದೇ ಸಾಲಿನ ಆದೇಶ: ಗುಂಡಿಗಳು ಉಗುರುಬಣ್ಣದ ಗುರುತಿಗೆ ಮರಳಲಿ. ಸೋಮವಾರ ಬೆಳಿಗ್ಗೆ ಎಂಟರವರೆಗೆ ಕಾಯುತ್ತೇನೆ. ಆಮೇಲೆ ಮುದ್ರೆಯನ್ನು ನಾನೇ ಒಡೆಯುತ್ತೇನೆ. ತಡೆಯುವುದಾದರೆ ತಾವೇ ಬಂದು ನನ್ನ ಕುರ್ಚಿಯಲ್ಲಿ ಕೂತುಕೊಳ್ಳಿ. ಎಡಕ್ಕಾ ಬಲಕ್ಕಾ ಎಂದು ಅವಳು ಕೇಳಿದಾಗ ಉತ್ತರ ಕೊಡಿ.

ಇಂತಿ,
ಎಲ್ಲವನ್ನೂ ಕೇಳಿಸಿಕೊಂಡ ಆಪರೇಟರ್
(ಸೋಮವಾರದವರೆಗೆ)